ಅಡತಿ ಅಂಗಡಿಯ ಕಾಟಾದ ಮೇಲೆ ನಾಯಿಮರಿ

ನನ್ನ ಹಣೆಬರಹವೇ ಹಾಗೆ. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಹೆದರಿದ ಸಂಗತಿಯೆಲ್ಲ ಕೊನೆಗೆ ಓಣಿಯವರು ನಗುವ ಸಂಗತಿಯಾಗಿಬಿಡುತ್ತದೆ. ಜೇವರ್ಗಿಯಲ್ಲಿ ನೌಕರಿಗೆ ಸೇರಿದಾಗಲೂ ಹೀಗೇ ಆಯಿತು, ಆಳಂದಕ್ಕೆ ವರ್ಗವಾದಾಗಲೂ ಆಯಿತು. ಈಗ ಅಫಜಲಪುರದಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರನಾಗಿ ಕೂದಲು ಹಣ್ಣಾದ ಮೇಲೂ ತಪ್ಪಿಲ್ಲ.

ಮೊದಲು ದುಃಖದ ಮಾತು ಮುಗಿಸುತ್ತೇನೆ. ಹಿರೋಳ್ಳಿಯಲ್ಲಿ ನಮ್ಮ ಬೀಗರ ಹೊಲ ಕಾಯುವ ಬೇಟೆನಾಯಿ ಇದೆ. ಉದ್ದ ಕಾಲು, ಸಣ್ಣ ನಡು. ಹೋದ ವರ್ಷ ಅದರ ಮರಿಯೊಂದನ್ನು ತಂದಿದ್ದೆ. ಪಕ್ಕೆಲುಬು ಎದ್ದು ಕಂಡರೆ ಈ ಜಾತಿಯೇ ಹಾಗೆ ಎಂದರು ಎಲ್ಲರೂ. ನಾನೂ ನಂಬಿದೆ. ಅದು ದಿನಾ ಇಷ್ಟಿಷ್ಟೇ ಸೊರಗುತ್ತಿದ್ದದ್ದು ನನಗೆ ತಿಳಿಯಲೇ ಇಲ್ಲ. ತಿಳಿದಾಗ ತಡವಾಗಿತ್ತು. ಹಿತ್ತಿಲ ಬೇವಿನ ಮರದಡಿ ಮಣ್ಣು ಮಾಡಿದೆ. ಲೆಕ್ಕ ಕಲಿಸುವವನು ಒಂದು ಸಲವೂ ಅದನ್ನು ತೂಗಿ ನೋಡಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಈ ವರ್ಷ ಅದೇ ತಾಯಿಯ ಇನ್ನೊಂದು ಮರಿ ಬಂತು. ನಾನು ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದೆ. ಹೆಸರು ಮಾತ್ರ ಇಡಲಿಲ್ಲ.

"ಹೆಸರಿಲ್ದ ಹ್ಯಾಂಗ್ ಕರೀಬೇಕ್ರಿ?" ಎಂದಳು ಹೆಂಡತಿ.

"ಹತ್ತು ಕಿಲೋ ದಾಟ್ಲಿ. ಆಮೇಲೆ ಇಡೋಣು."

ಹೆಸರಿಟ್ಟರೆ ಹಚ್ಚಿಕೊಂಡುಬಿಡುತ್ತೇವೆ. ಅದು ನನಗೆ ಬೇಡವಾಗಿತ್ತು.

ಒಂದು: ಟೇಪು

ಮೊದಲ ವಾರವೇ ದನದ ದವಾಖಾನೆಗೆ ಒಯ್ದೆ. ಡಾಕ್ಟರು ಹಳ್ಳಿ ಕಡೆ ಹೋಗಿದ್ದರು. ಇದ್ದವನು ಕಂಪೌಂಡರ್ ಒಬ್ಬನೇ. ತೂಕ ನೋಡಬೇಕೆಂದೆ. ಅವನು ಕಪಾಟಿನಿಂದ ಟೇಪು ತೆಗೆದ. ಎಮ್ಮೆಯ ಎದೆಗೆ ಸುತ್ತಿದರೆ ಇಷ್ಟು ಕಿಲೋ ಎಂದು ಅದರ ಮೇಲೇ ಬರೆದಿರುತ್ತದೆ. ಆ ಟೇಪನ್ನು ಅವನು ಬಹಳ ಗಂಭೀರವಾಗಿ ಮರಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. 

"ಏನಾತಪ್ಪಾ? ಕಡಿಮಿ ಅದ ಏನು?"

"ಕಡಿಮಿ ಅಲ್ರಿ ಸರ," ಅಂದ ಅವನು. "ಟೇಪಿನ್ಯಾಗ ನಂಬರ್ ಶುರು ಆಗೋದೇ ಕರುವಿನಿಂದ. ಇದರ ಪ್ರಕಾರ ನಿಮ್ಮ ನಾಯಿ ಇನ್ನೂ ಹುಟ್ಟೇ ಇಲ್ರಿ."

ಎರಡು: ಬಿಳಿ ಗುಳಿಗಿ

ಮರುದಿನ ಸಿಕ್ಕ ಡಾಕ್ಟರು ದಿನಾ ಕುದಿಸಿದ ಅರ್ಧ ತತ್ತಿ ಕೊಡಿ ಎಂದರು. ನಮ್ಮದು ಲಿಂಗವಂತರ ಮನೆ. ನಮ್ಮವ್ವ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ನೀರು ಹಾಕುವವಳಲ್ಲ. ಚಹಾದ ಗಾಡಿಯವನಿಂದ ತತ್ತಿ ಕುದಿಸಿಕೊಂಡು, ಊಟದ ಡಬ್ಬಿಯಲ್ಲಿಟ್ಟು, ಕಳ್ಳನಂತೆ ಬಂದೆ.

"ಲೇ, ಡಬ್ಬಿಯೊಳಗ ಏನದ?"

"ಮರಿದು ಗುಳಿಗಿ, ಬೇ."

ಅವ್ವ ಮುಚ್ಚಳ ತೆಗೆದು ನೋಡಿದಳು. ಬೇವಿನ ಮರದ ಕಡೆ ಒಮ್ಮೆ ನೋಡಿದಳು. ಹೋದ ವರ್ಷದ ಮರಿಗಾಗಿ ಅವಳೂ ಎರಡು ದಿನ ಊಟ ಬಿಟ್ಟಿದ್ದಳು.

"ಗುಳಿಗಿ ಭಾಳ ದೊಡ್ಡದದ," ಎಂದಳು. "ಗೇಟಿನ ಹೊರಗ ಕೊಡು."

ಅಂದಿನಿಂದ ನಾನು ಮರೆತರೂ ಅವಳು ಮರೆಯಲಿಲ್ಲ. "ನಾಯಿಗಿ ಬಿಳಿ ಗುಳಿಗಿ ಕೊಟ್ಟಿಯೇನಲೇ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ತಿಂಗಳೊಳಗೆ ಮರಿಯ ಮೈ ಮಿರಿಮಿರಿ ಮಿಂಚತೊಡಗಿತು. ಒಂದು ದಿನ ಆಚೆಮನೆಯ ಅಮ್ಮ, ಅವರೂ ನಮ್ಮಂಥ ಮಡಿವಂತರೇ, ಮೊಮ್ಮಗನ ಕೈ ಹಿಡಿದುಕೊಂಡು ಬಂದರು.

"ಸರ, ಇವ ಭಾಳ ಸೊರಗ್ಯಾನ್ರಿ. ಆ ಗುಳಿಗಿ ಮನುಷ್ಯಾರಿಗೂ ನಡೀತದೇನ್ರಿ?"

ಮೂರು: ಕುಣಿ

ತೂಕಕ್ಕೆ ಪರಿಚಯದ ಅಡತಿ ಅಂಗಡಿ ಹಿಡಿದೆ. ದಲ್ಲಾಳಿ ಮೂಲಕ ಮಾರಲು ಬಂದ ರೈತರ ತೊಗರಿ ತೂಗುವ ಕಾಟಾ ಅಲ್ಲಿದೆ. ಮರಿ ನೆಟ್ಟಗೆ ನಿಲ್ಲುವುದಿಲ್ಲ, ಹಾಗಾಗಿ ಕುತ್ತಿಗೆಯವರೆಗೆ ಗೋಣಿಚೀಲದಲ್ಲಿ ಕೂಡಿಸುತ್ತಿದ್ದೆವು. ನಾನು ಈಚೆ ಕುಕ್ಕರಗಾಲಿನಲ್ಲಿ ಅದರ ತಲೆ ಸವರುತ್ತ ಕೂಡುವುದು, ಆಚೆ ತೂಕದ ಹಮಾಲ ಅಂಕಿ ಓದಿ ಕೂಗುವುದು. ಪ್ರತಿ ಶನಿವಾರ ಇದೇ ಕೆಲಸ. ಗ್ರಾಫಿನ ಗೆರೆ ಮೇಲೇರುತ್ತ ಎಂಟು ಕಿಲೋ ಎಂಟುನೂರಕ್ಕೆ ಬಂತು.

ಮುಂದಿನ ಶನಿವಾರ ಎಂಟು ಆರುನೂರು.

ಅವತ್ತೇ ಮರಿಯನ್ನು ದವಾಖಾನೆಗೆ ಒಯ್ದೆ. ಡಾಕ್ಟರು ಮರಿಯ ಪಕ್ಕೆ ಮುಟ್ಟಿ, "ಛಲೋ ಅದಲ್ರಿ. ಈ ಜಾತಿಗೆ ಎಲುಬು ಕೈಗೆ ಹತ್ತಬೇಕು, ನಡು ಸಣ್ಣ ಇರಬೇಕು" ಎಂದರು. ನಾನು ಗ್ರಾಫ್ ತೋರಿಸಿದೆ. "ಇನ್ನೊಂದು ವಾರ ನೋಡ್ರಿ. ಮತ್ತ ಇಳೀತಂದ್ರ ಕಲಬುರಗಿಗಿ ಒಯ್ಯೋಣು" ಎಂದರು. "ಇನ್ನೊಂದು ವಾರ ನೋಡ್ರಿ" ಎಂಬ ಮಾತನ್ನು ಹೋದ ವರ್ಷವೂ ಕೇಳಿದ್ದೆ.

ಭಾನುವಾರ ಗುದ್ದಲಿ ಹಿಡಿದು ಬೇವಿನ ಮರದಡಿ, ಮೊದಲಿನದರ ಪಕ್ಕದಲ್ಲೇ ಕುಣಿ ತೋಡಿದೆ. ಬಿಸಿಲಿಗೆ ಕರಿಮಣ್ಣು ಕಲ್ಲಾಗಿರುತ್ತದೆ, ಆ ಹೊತ್ತಿಗೆ ನನ್ನ ಕೈಯಲ್ಲಿ ಬಲ ಇರುವುದಿಲ್ಲ ಎಂದು ಮುಂಚೆಯೇ ತೋಡಿದೆ. ಹೆಂಡತಿ ಹಿತ್ತಿಲ ಬಾಗಿಲು ದಡ್ ಎಂದು ಹಾಕಿಕೊಂಡು ಒಳಗೆ ಹೋದಳು. ಮರಿ ಮಾತ್ರ ಬಹಳ ಖುಷಿಯಿಂದ ಮುಂಗಾಲಿನಲ್ಲಿ ಮಣ್ಣು ಕೆದರಿ ನನಗೆ ಸಹಾಯ ಮಾಡಿತು.

ನಾಲ್ಕು: ಹಸಿ ಮಾಲು

ಮರು ಶನಿವಾರ ಮರಿಯ ಮೈತೊಳೆದು ಸೀದಾ ಕರೆದೊಯ್ದೆ. ಉಣ್ಣೆ ಹುಳ ಹತ್ತಬಾರದೆಂದು ವಾರಕ್ಕೊಮ್ಮೆ ಔಷಧದ ನೀರಿನಲ್ಲಿ ತೊಳೆಯಲು ಡಾಕ್ಟರು ಹೇಳಿ ಎರಡು ವಾರವಾಗಿತ್ತು; ಹೋದ ಶನಿವಾರವೂ ತೊಳೆದೇ ಒಯ್ದಿದ್ದೆ. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಹಮಾಲ ಕೈಯಿಂದ ಚೀಲ ಒತ್ತಿ ನೋಡಿ ಕೂಗಿದ:

"ಎಂಟು ಐದುನೂರು!"

ನಾನು ಅಲ್ಲೇ ತೊಗರಿ ಚೀಲದ ಮೇಲೆ ಕುಸಿದೆ. ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ಬಂತು. ಹಮಾಲ ಗಾಬರಿಯಾಗಿ ಬಂದು ನನ್ನ ಭುಜ ಹಿಡಿದ.

"ಅಳಬ್ಯಾಡ್ರಿ ಸರ. ಮುಂದಿನ ವಾರ ಒಣಗಿಸಿ ತರ್ರಿ, ಸೂಟು ಕಡಿಮಿ ತಗೀತೇನಿ."

"ಏನು ತಗೀತಿ?"

"ಸೂಟು ರಿ. ಚೀಲ, ಕಸ, ಮಣ್ಣಿನ ಸಲುವಾಗಿ ತೂಕದಾಗ ಇಷ್ಟು ಮುರೀತೇವಲ್ರಿ. ಒಣಾ ಮಾಲಿಗಿ ಮುನ್ನೂರು ಗ್ರಾಂ. ಹಸಿ ಮಾಲಿಗಿ ಒಂದು ಕಿಲೋ. ಇವತ್ತ ಭಾಳ ಹಸಿ ಅದ, ಅದಕ್ಕ ಒಂದು ಕಿಲೋ ಆರುನೂರು ಮುರದೇನಿ."

"ಲೇ, ಅದು ನಾಯಿ!"

"ನಾಯಿ ಇದ್ರ ಏನಾತ್ರಿ? ಚೀಲದಾಗ ಬಂದದಲ್ರಿ!"

ಎದ್ದು ಆಚೆ ಹೋಗಿ ನೋಡಿದೆ. ಕಾಟಾದ ಮೇಲೆ ಕೆಂಪು ಅಂಕಿಯಲ್ಲಿ ಹತ್ತು ಕಿಲೋ ನೂರು ಗ್ರಾಂ ಎಂದಿತ್ತು. ಒದ್ದೆ ಚೀಲ ತೆಗೆದು ತೂಗಿದರೆ ಹತ್ತಕ್ಕೆ ಕೊಂಚ ಕಡಿಮೆ. ಆ ಕೊಂಚವನ್ನು ನಾನು ಮಾಫಿ ಮಾಡಿದೆ. ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಇನ್ನೂ ಅಳುತ್ತಲೇ ಇದ್ದೆ.

ಮನೆಗೆ ಬಂದವನೇ ಕುಣಿ ಮುಚ್ಚಲು ಗುದ್ದಲಿ ತೆಗೆದುಕೊಂಡೆ. ಮರಿ ನನಗಿಂತ ಮುಂಚೆ ಓಡಿಹೋಗಿ ಅದರೊಳಗೆ ಮಲಗಿಬಿಟ್ಟಿತು. ಆ ಬಿಸಿಲಿನಲ್ಲಿ ನಮ್ಮ ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇರಲಿಲ್ಲ. ಎಳೆದರೂ ಏಳಲಿಲ್ಲ. ಅಂದೇ ಹೆಸರಿಟ್ಟೆವು, ಭೀಮಾ ಎಂದು. ಕುಣಿ ಇವತ್ತಿಗೂ ಮುಚ್ಚಿಲ್ಲ.

ಮನೆಗೆ ಯಾರೇ ಬಂದರೂ ಅವ್ವ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಹಳ ಅಭಿಮಾನದಿಂದ ತೋರಿಸುತ್ತಾಳೆ:

"ನೋಡ್ರಿ, ನಾಯಿಗಿ ತಂಪಿರಲಿ ಅಂತ ನನ್ನ ಮಗ ಎಷ್ಟು ಮುಂಚೆ ವಿಚಾರ ಮಾಡಿ ತೋಡ್ಯಾನ!"