ಕೊಡೆಗಳಿಗೊಂದು ಕಾನೂನು

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಬಂಡವಾಳಶಾಹಿ, ಇನ್ನೊಬ್ಬ ಸಮಾಜವಾದಿ. ಇವು ನಾನಿಟ್ಟ ಹೆಸರುಗಳಲ್ಲ. ಅವರೇ ಒಬ್ಬರನ್ನೊಬ್ಬರು ಹಾಗೆ ಬೈದುಕೊಳ್ಳುವುದು. ದೊಡ್ಡವನಿಗೆ ಬಟ್ಟೆಯಂಗಡಿ. ಚಿಕ್ಕವನು ಕಾರ್ಖಾನೆಯ ಸಂಘದ ಕಾರ್ಯದರ್ಶಿ. ಬಂಡವಾಳವೆಂದರೆ ಬಯಲಾಗುವಂಥದ್ದು, ಸಮಾಜವಾದವೆಂದರೆ ಸಮಾಜವೆಲ್ಲ ಸೇರಿ ಮಾಡುವ ವಾದ, ಇಷ್ಟೇ ನನ್ನ ಪಾಂಡಿತ್ಯ.

ಮಳೆ ಹಿಡಿದ ಒಂದು ಬೆಳಿಗ್ಗೆ ಚಿಕ್ಕವನು ಅಣ್ಣನ ಹೊಸ ಕೊಡೆ ತೆಗೆದುಕೊಂಡು ಹೊರಟ.

“ಏಯ್, ಅದು ನನ್ನ ಛತ್ರಿ!”

“ಮಳೆ ಎಲ್ಲರ ಮೇಲೂ ಬೀಳುತ್ತಣ್ಣ. ಛತ್ರಿ ಮಾತ್ರ ನಿನ್ನೊಬ್ಬಂದು ಹೇಗಾಗುತ್ತೆ?”

“ದುಡ್ಡು ಕೊಟ್ಟವನು ನಾನು. ದೊಡ್ಡ ಛತ್ರಿ ನೀನು!”

ಆದರ್ಶ ಸಮಾಜ ಹೇಗಿರಬೇಕೆಂದು ಇಬ್ಬರೂ ಅಂಗಳದಲ್ಲಿ ನಿಂತು, ತೊಪ್ಪೆಯಾಗುವವರೆಗೆ ಕಿರುಚಾಡಿದರು. (ಕೊಡೆ ಮಡಿಸಿಯೇ ಇತ್ತು.)

ಆಗ ನನ್ನೊಳಗಿನ ಶಾಸನಕರ್ತೆ ಎಚ್ಚೆತ್ತಳು. ಬಾಗಿಲ ಪಕ್ಕದ ಮೊಳೆಗೆ ತೂಗಿದ್ದು ಎಲ್ಲರದು. ಕೋಣೆಯೊಳಗೆ ಇಟ್ಟದ್ದು ಅವರವರದು. ಇಬ್ಬರಿಗೂ ಅರ್ಧರ್ಧ ಗೆಲುವು. “ಅತ್ತೆ ಮಂತ್ರಿಯಾಗಬೇಕಿತ್ತು!” ಎಂದಳು ಚಿಕ್ಕಸೊಸೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಮಾದರಿಯಾಗಿರಲೆಂದು ಮೊದಲು ನಾನೇ ಮೊಳೆಗೆ ತೂಗಿಹಾಕಿದೆ, ಅವರ ಕೊಡೆಯನ್ನು. ಅವರೆಂದರೆ ತೀರಿಹೋದ ನಮ್ಮ ಯಜಮಾನರು. ಮರದ ಹಿಡಿ, ಹೆಬ್ಬೆರಳು ಕೂರುವ ಜಾಗ ಸವೆದು ಗುಳಿ ಬಿದ್ದಿತ್ತು. ಅಲ್ಲಿ ನನ್ನ ಹೆಬ್ಬೆರಳಿಟ್ಟರೆ ಅವರು ಈಗಷ್ಟೇ ಕೈಬಿಟ್ಟಂತಿರುತ್ತಿತ್ತು. ಅಪ್ಪನದೇ ಮೊಳೆಯ ಮೇಲಿದ್ದರೆ ಮಕ್ಕಳೂ ತಮ್ಮದನ್ನು ತಂದು ಹಾಕುತ್ತಾರೆಂದು ನನ್ನ ಲೆಕ್ಕ.

ತಂದರು, ಕೋಣೆಯೊಳಕ್ಕೆ. ದೊಡ್ಡವನದು ಕಪಾಟಿಗೆ, ಚಿಕ್ಕವನದು ಮಂಚದ ಕೆಳಗೆ. (ಸಮಾಜವಾದಿಯ ಮಂಚದ ಕೆಳಗೂ ಕತ್ತಲೆಯೇ.) ಹನಿ ಬಿದ್ದರೆ ಸಾಕು, ಮನೆಮಂದಿಯ ಕೈಯೆಲ್ಲ ಮೊಳೆಯ ಕಡೆಗೇ.

ಒಂದು ಸಂಜೆ ದೊಡ್ಡವನು ಬರಿಗೈಯಲ್ಲಿ ಬಂದ.

“ಅಪ್ಪನ ಕೊಡೆ ಎಲ್ಲೋ?”

“ಬಸ್ಸಲ್ಲೇ ಉಳೀತು ಕಣಮ್ಮ. ಎಲ್ಲರದ್ದು ತಾನೇ? ನಷ್ಟಾನೂ ಎಲ್ಲರದ್ದು.”

“ಲಾಭ ಬಂದ್ರೆ ನಿಂದು, ನಷ್ಟ ಬಂದ್ರೆ ಸಮಾಜದ್ದು! ನೋಡಮ್ಮ ಇವನ ನ್ಯಾಯ!” ಎಂದು ಚಿಕ್ಕವನು ಕುಣಿದಾಡಿದ.

“ನೀನು ನಿಂದನ್ನ ಮೊಳೆಗೆ ಹಾಕಿದ್ಯೇನೋ?” ಎಂದ ದೊಡ್ಡವನು.

ವಾದ ಊಟದವರೆಗೂ ನಡೆಯಿತು. ಹುಡುಕಿ ತರುವವರು ಯಾರು ಎಂಬುದು ಮಾತ್ರ ಚರ್ಚೆಗೆ ಬರಲೇ ಇಲ್ಲ.

ಮರುದಿನ ತಲೆಗೊಂದು ಬಟ್ಟೆ ಹೊದ್ದು ನಾನೇ ಬಸ್ ಡಿಪೋಗೆ ಹೋದೆ. ಜನ ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕಪ್ಪು ಕೊಡೆಗಳ ರಾಶಿ. ಒಂದೊಂದರ ಹಿಡಿಯನ್ನೂ ಮುಷ್ಟಿಯಲ್ಲಿ ಹಿಡಿದು ನೋಡತೊಡಗಿದೆ. ಕೋಣೆ ಕಾಯುವವನು ಬೇಸತ್ತ.

“ಯಾವುದಾದ್ರೂ ಒಂದು ತಗೊಂಡ್ಹೋಗಿ ಅಜ್ಜಿ. ಕೇಳೋರು ಯಾರೂ ಇಲ್ಲ.”

“ನಮ್ಮವರದ್ದೇ ಬೇಕಪ್ಪ.”

“ಎಲ್ಲಾನೂ ಮಳೆ ತಡೀತವೆ ತಾನೇ?”

ನಾನು ಮುಂದಿನ ಹಿಡಿಗೆ ಕೈಹಾಕಿದೆ. ಕೊನೆಗೆ ಒಂದರಲ್ಲಿ ಗುಳಿ ಸಿಕ್ಕಿತು. ಅವರದಲ್ಲ, ಈ ಗುಳಿ ಎಡಗೈಯದು. ಆದರೂ ಯಾರೋ ಬಹುಕಾಲ ಹಿಡಿದು ನಡೆದದ್ದು. ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ತಂದು ನನ್ನ ದಿಂಬಿನ ಪಕ್ಕ ಮಲಗಿಸಿದೆ.

ಹಾಸಿಗೆ ಕೊಡವಲು ಬಂದ ಸೊಸೆ ಕಂಡಳು. ವಿಚಾರಣೆ ಶುರುವಾಯಿತು.

“ನೀನು ದುಡ್ಡು ಕೊಟ್ಟಿಲ್ಲ. ಹಾಗಾಗಿ ನಿಂದಲ್ಲಮ್ಮ,” ಎಂದ ದೊಡ್ಡವನು.

“ಯಾರದ್ದೂ ಅಲ್ಲ ಅಂದ್ಮೇಲೆ ಎಲ್ಲರದ್ದು. ಮೊಳೆಗೆ ಹಾಕಮ್ಮ,” ಎಂದ ಚಿಕ್ಕವನು.

“ಅದೇ ಸರಿ,” ಎಂದ ದೊಡ್ಡವನು!

ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮಕ್ಕಳಿಬ್ಬರೂ ಒಂದಾದರು. ನಾನು ಹಂಬಲಿಸಿದ ಸಮತೋಲ ಕಡೆಗೂ ಬಂದಿತ್ತು. ತಕ್ಕಡಿಯ ಎರಡು ತಟ್ಟೆಗಳೂ ನನ್ನ ಎದೆಯ ಮೇಲೆಯೇ ಕೂತಿದ್ದವು.

ಹೊರಗೆ ಮಳೆ ಜೋರಾಯಿತು. ಚಿಕ್ಕವನು ಕೈಚಾಚಿದ.

“ಕೊಡಮ್ಮ.”

ನಾನು ಹಿಡಿಯನ್ನು ಅವುಚಿಕೊಂಡು, ನಮ್ಮ ಕಾಲದವರು ಒಲ್ಲೆನೆನ್ನುವ ಮಾತಿನಲ್ಲಿ ಹೇಳಿದೆ:

“ಕೊಡೆ.”

“ಹೌದಮ್ಮ, ಛತ್ರೀನೇ. ಅದನ್ನೇ ಕೇಳ್ತಿರೋದು,” ಎಂದು ಅವನು ನನ್ನ ಬೆರಳುಗಳನ್ನು ಒಂದೊಂದಾಗಿ, ಮೆತ್ತಗೆ ಬಿಡಿಸಿ, ಅದನ್ನು ಬಿಚ್ಚಿಕೊಂಡು ಹೊರಟುಹೋದ.