ನಲವತ್ತೇಳನೆಯ ನಂಬರಿನವನ ಹುಡುಕಾಟ

ಜಗತ್ತಿನಲ್ಲಿ ಅಳೆಯಲಾಗದ ವಸ್ತುವೇ ಇಲ್ಲ ಎಂದು ನಂಬಿದ್ದವನು ನಾನು. ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚಲು ಬೆಳಗಾವಿ, ಖಾನಾಪುರದಲ್ಲಿ ಐವತ್ತು ದಾಟಿದವರಿಗೆಲ್ಲ ಮಲ ಪರೀಕ್ಷೆಯ ಡಬ್ಬಿ ಹಂಚತೊಡಗಿದಾಗ, ಆ ಕೆಲಸದ ಗುಣಮಟ್ಟ ಅಳೆಯುವ ಹೊಣೆ ನನ್ನ ಹೆಗಲಿಗೆ ಬಿತ್ತು. ಎಷ್ಟು ಡಬ್ಬಿ ಹೋದವು, ಎಷ್ಟು ತುಂಬಿ ಬಂದವು, ಮಲದಲ್ಲಿ ರಕ್ತದ ಅಂಶ ಕಂಡವರಲ್ಲಿ ಎಷ್ಟು ಜನ ತಿಂಗಳೊಳಗೆ ಕರುಳಿಗೆ ಕ್ಯಾಮೆರಾ ಇಳಿಸುವ ಪರೀಕ್ಷೆ ಮಾಡಿಸಿಕೊಂಡರು, ಎಲ್ಲಕ್ಕೂ ನಾನೇ ಗೀಟಿದ ಫಾರಂ! ಗುಟ್ಟು ಕಾಪಾಡಲು ಅದರಲ್ಲಿ ಬರೀ ಡಬ್ಬಿಯ ನಂಬರು. ರಕ್ತ ಕಂಡವರನ್ನು ಕರೆಯುವ ಆಸ್ಪತ್ರೆಯವರಿಗೂ ಡಬ್ಬಿಯ ನಂಬರು, ಫೋನ್ ನಂಬರು ಇಷ್ಟೇ ಗೊತ್ತು. ಹೆಸರಿರುವ ರಿಜಿಸ್ಟರು ಆಶಾ ಕಾರ್ಯಕರ್ತೆಯ ಬಳಿ ಮಾತ್ರ. ಅದೂ ನನ್ನದೇ ತಲೆಯ ಉಪಾಯ.

ಖಾನಾಪುರದ ಆಶಾ ಕಾರ್ಯಕರ್ತೆ ಶಮೀಮಕ್ಕ ಫಾರಂ ತಿರುವಿ ನೋಡಿದರು.

“ಸರ್, ಕ್ಯಾಮೆರಾಕ್ಕ ಬರದವ್ರ ಕಾರಣದಾಗ ‘ಊರು ಬಿಟ್ಟಾರ’ ಐತಿ, ‘ಫೋನ್ ಹತ್ತಿಲ್ಲ’ ಐತಿ. ‘ಅಂಜ್ಯಾರ’ ಅಂತ ಒಂದು ಕಾಲಂ ಹಾಕ್ರಿ.”

“ಅಂಜಿಕಿ ಅಳ್ಯಾಕ ಬರೂದಿಲ್ಲಮ್ಮಾ,” ಎಂದು ಗಂಭೀರವಾಗಿ ತಳ್ಳಿಹಾಕಿದೆ.

ಡಬ್ಬಿಗಳು ಮಾತ್ರ ತಿರುಗಿ ಬರಲೊಲ್ಲವು. ಜನರಿಗೆ ಧೈರ್ಯ ತುಂಬಲೆಂದು ಖಾನಾಪುರದ ಶಿಬಿರದಲ್ಲಿ ಎಲ್ಲರೆದುರು ನಾನೇ ಹೆಸರು, ಫೋನ್ ನಂಬರು ಬರೆಸಿ ಒಂದು ಡಬ್ಬಿ ಪಡೆದು, ಮರುದಿನ ತುಂಬಿಸಿ ತಂದುಕೊಟ್ಟೆ. ಚಪ್ಪಾಳೆ ಬಿತ್ತು! ಡಬ್ಬಿ ಕೈಬಿಟ್ಟರೆ ಸಾಕಾಗಿದ್ದರಿಂದ ಅದರ ಮೇಲಿನ ನಂಬರು ನೋಡಲಿಲ್ಲ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ಮನೆ ಸೇರಿದೊಡನೆ ಅಂಜಿಕೆ ಶುರುವಾಯಿತು. ಏನಾದರೂ ಸಿಕ್ಕರೆ? ಊಟ ಸೇರದು, ನಿದ್ದೆ ಹತ್ತದು. ವಾರದ ನಂತರ ಗೊತ್ತಿಲ್ಲದ ನಂಬರೊಂದರಿಂದ ಫೋನು ಬರತೊಡಗಿತು. ಪ್ರತಿ ಸಲ ಕಟ್ ಮಾಡಿದೆ.

“ಯಾರ್ರೀ ಅವ್ರು, ದಿನಾ ಮಾಡ್ತಾರಲ್ಲಾ?” ಎಂದಳು ಹೆಂಡತಿ.

“ಪೀರನವಾಡಿ ಕಡೆ ಪ್ಲಾಟ್ ತೊಗೋರಿ ಅನ್ನೂ ಮಂದಿ.”

ಕೊನೆಗೆ ಆ ನಂಬರನ್ನೇ ಬ್ಲಾಕ್ ಮಾಡಿದೆ. ಫೋನೇ ಬರುತ್ತಿಲ್ಲ ಎಂದ ಮೇಲೆ ರೋಗವೂ ಇಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡೆ.

ತಿಂಗಳು ಮುಗಿದು ಖಾನಾಪುರದ ಪಟ್ಟಿ ಬಂತು. ರಕ್ತ ಕಂಡವರೆಲ್ಲ ಕ್ಯಾಮೆರಾ ಪರೀಕ್ಷೆ ಮಾಡಿಸಿಕೊಂಡಿದ್ದರು, ನಲವತ್ತೇಳನೆಯ ನಂಬರಿನವನೊಬ್ಬನ ಹೊರತು! ಕಾರಣ: ಫೋನ್ ಹತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಿಕ್ಕ ಬಸ್ಸು ಹತ್ತಿ ಖಾನಾಪುರಕ್ಕೆ ಧಾವಿಸಿದೆ.

“ಒಬ್ಬ ಮನಷ್ಯಾನ್ನ ಹುಡುಕಾಕ ಆಗಲಿಲ್ಲೇನು? ಜೀವದ ಪ್ರಶ್ನೆ ಐತಿ! ಎಂಥಾ ಬೇಜವಾಬ್ದಾರಿ ಮನಷ್ಯಾ ಇರಬೇಕು ಅಂವಾ! ಹೆಂಡ್ತಿ ಮಕ್ಕಳು ಇಲ್ಲೇನು ಅಂವಗ? ತಗೀರಿ ರಿಜಿಸ್ಟರು, ಈಗ ಅವನ ಮನಿಗೆ ಹೋಗೂಣು!”

ಶಮೀಮಕ್ಕ ರಿಜಿಸ್ಟರು ತೆಗೆದರು. ನಲವತ್ತೇಳರ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

“ಕುಂದರ್ರಿ ಸರ್,” ಎಂದರು ಮೆಲ್ಲಗೆ. “ಮದ್ಲ ನೀರು ಕುಡೀರಿ.”

ಹೆಸರು ನನ್ನದು. ವಿಳಾಸ ಟಿಳಕವಾಡಿ!

ಕುರ್ಚಿ ಇತ್ತೋ ಇಲ್ಲವೋ ನೋಡದೆ ಕುಸಿದೆ. ಇತ್ತು, ಪುಣ್ಯ.

“ನಾ ಉಳೀತೀನೇನ್ರಿ ಶಮೀಮಕ್ಕಾ?”

“ರಕ್ತ ಕಂಡ್ರ ಕ್ಯಾನ್ಸರ್ ಅಂತ ಅಲ್ರಿ ಸರ್. ಊರಿಗೆಲ್ಲಾ ನೀವ ಹೇಳ್ಕೋತ ಬಂದೀರಿ.”

ಹೇಳಿದ್ದೆ, ಖರೇ. ಹೇಳುವಾಗ ಎಷ್ಟು ಸುಲಭವಾಗಿತ್ತು!

“ಮತ್ತ ಫೋನ್ ಯಾಕ ಎತ್ತಲಿಲ್ರಿ?”

ನಾನು ಫೋನು ತೆಗೆದು, ಬ್ಲಾಕ್ ಮಾಡಿದ್ದ ಆ ನಂಬರನ್ನು ಅವರೆದುರೇ ಬಿಡಿಸಿದೆ.

ಮೂರನೆಯ ದಿನ, ಹೊಟ್ಟೆ ತೊಳೆಯುವ ಔಷಧ ಲೀಟರುಗಟ್ಟಲೆ ಕುಡಿದು, ಪಾಯಖಾನೆಗೂ ಮಂಚಕ್ಕೂ ಹಾದಿ ಸವೆಸಿ, ಕ್ಯಾಮೆರಾ ಪರೀಕ್ಷೆಗೆ ಮಲಗಿದೆ. ಸಣ್ಣ ಗಂಟೊಂದು ಸಿಕ್ಕಿತು. ಅಲ್ಲೇ ತೆಗೆದರು. ಅದರ ವರದಿ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಕ್ಯಾನ್ಸರ್ ಅಲ್ಲ ಎಂದು ತಿಳಿದಾಗ ಡಾಕ್ಟರ ಎದುರೇ ಅತ್ತುಬಿಟ್ಟೆ.

ಹೊರಗೆ ಬಂದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದಳು, “ಪೀರನವಾಡಿ ಪ್ಲಾಟಿನವ್ರು ಭಾಳ ಛಲೋ ಮಂದಿ ಬಿಡ್ರಿ. ಇನ್ನ ಫೋನ್ ನನ್ನ ಕಡೆ ಇರ್ಲಿ.”

ಮನೆಗೆ ಬಂದು ಸ್ಕೇಲಿಟ್ಟು ಫಾರಂಗೆ ಹೊಸ ಕಾಲಂ ಗೀಟಿದೆ. ಶಮೀಮಕ್ಕ ಹೇಳಿದಂತೆಯೇ ಬರೆದೆ: ‘ಅಂಜ್ಯಾರ’. ಕೆಳಗೆ ಸಂಖ್ಯೆ: ಒಂದು. ಖಾನಾಪುರದ ಪಟ್ಟಿಯಲ್ಲಿ ಅಂಜಿ ಅಡಗಿ ಕುಳಿತವನು, ಅಳೆಯಲು ಹೋದವನೊಬ್ಬನೇ!