ಪಕ್ಕದ ಫ್ಲ್ಯಾಟಿನ ಪಾಟೀಸವಾಲು

ಹತ್ತಿರ ಬನ್ನಿ, ಮೆಲ್ಲ ಹೇಳ್ತೇನೆ. ನಾನು ಹೇಳಿದ್ದು ಅಂತ ಎಲ್ಲಿಯೂ ಬಾಯಿ ಬಿಡಬಾರದು, ಆಣೆ ಹಾಕಿ. ಈ ಅರಬಿ ದೇಶದಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಫ್ಲ್ಯಾಟಿನ ವಕೀಲರು ಇದ್ದಾರಲ್ಲ, ಅವರಿದ್ದಲ್ಲಿ ದಿನಕ್ಕೊಂದು ರಾಮಾಯಣ. ನನಗೆ ಟೀವಿಯೇ ಬೇಡ.

ಕೋಳಿ ಕೇಸು

ಊರಲ್ಲಿ ಅವರು ಕೇರಳ ಗಡಿಯ ಕೋರ್ಟಿನಲ್ಲಿ ಸರಕಾರಿ ವಕೀಲರಾಗಿದ್ದರು. ಒಂದು ಸಲ ಹುಂಜ ಕಾದಾಡಿಸಿ ಜೂಜಾಡುವ ಕೋಳಿ ಅಂಕಕ್ಕೆ ಪೊಲೀಸರು ನುಗ್ಗಿದರು. ಕಣ ಇದ್ದದ್ದು ಸರೀ ಗಡಿಯಲ್ಲಿ. ಜೀಪು ಕಂಡದ್ದೇ ಜನರೆಲ್ಲ ಆಚೆ ಕೇರಳಕ್ಕೆ ಹಾರಿದರು. ಸಿಕ್ಕಿದ್ದು ಓಡಲಿಕ್ಕಾಗದ ಒಬ್ಬ ದಡೂತಿ, ಎರಡು ಹುಂಜ. ಇವರು ಹುಂಜಗಳನ್ನೇ ಸಾಕ್ಷ್ಯ ಅಂತ ಕೋರ್ಟಿಗೆ ತಂದರು. ಹಗ್ಗ ಬಿಚ್ಚಿತು, ಜಡ್ಜರ ಮೇಜಿನೆದುರೇ ಕಾಳಗ! ಇವರು "ಹಿಡೀರಿ, ಹಿಡೀರಿ" ಅಂತ ಕೂಗಿದರೆ ಜಡ್ಜರು, "ಸ್ವಲ್ಪ ನಿಲ್ಲಿ ಮಾರಾಯ್ರೆ, ಕೆಂಪು ಗೆಲ್ತದೆ" ಅಂದರಂತೆ.

ಉಪ್ಪಿನ ವಿಚಾರಣೆ

ಇಲ್ಲಿ ಕೋರ್ಟಿನಲ್ಲಿ ವಾದ ಮಾಡುವುದು ಅರಬಿ ವಕೀಲರು. ಇವರದ್ದು ಆಫೀಸಿನಲ್ಲಿ ಕೂತು ಸಲಹೆ ಕೊಡುವ ಕೆಲಸ. ನಾಲಿಗೆ ತುರಿಸದೆ ಇರ್ತದಾ? ಎಲ್ಲ ಮನೆಯಲ್ಲಿ ತೀರ್ತದೆ. ಮೊನ್ನೆ ಸಾರು ಉಪ್ಪಾಯಿತು. ಗೋಡೆ ತೆಳ್ಳಗೆ, ಕೇಳಿದ್ದು ನನ್ನ ತಪ್ಪಲ್ಲ.

"ಉಪ್ಪು ಬೀಳುವಾಗ ನೀನು ಸ್ಥಳದಲ್ಲಿದ್ದೆಯಾ? ಹೌದು, ಇಲ್ಲ, ಅಷ್ಟೇ ಹೇಳು."

ಹೆಂಡತಿ ಹೇಳಿದರು, "ಇಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ. ಹಾಕಿದ್ದು ನೀವು."

ಹೆಣ್ಣು ನೋಡುವ ದಿನ

ಅವರ ಮಗಳನ್ನು ನೋಡಲು ಜೆಬೆಲ್ ಅಲಿ ಬಂದರಿನಲ್ಲಿ ಕೆಲಸ ಮಾಡುವ ಹುಡುಗ ತಾಯಿಯ ಜೊತೆ ಬಂದ. ಹಿಂದಿನ ಸಂಬಂಧಗಳೆಲ್ಲ ವಕೀಲರ ಪ್ರಶ್ನೆಗೇ ಹೆದರಿ ಓಡಿದ್ದವು. "ಪಪ್ಪಾ ಪ್ಲೀಸ್, ನೋ ಕ್ವೆಶ್ಚನ್ಸ್!" ಅಂತ ಮಗಳು ಅತ್ತು ಹೇಳಿದ್ದಳು. ನಾನು ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಕೂತೆ.

ವಕೀಲರು ಗುಮ್ಮನೆ ಕೂತರು, ತುಟಿ ಪಿಟಕ್ಕೆನ್ನಲಿಲ್ಲ. ಹುಡುಗನ ತಾಯಿ ಮುಖ ಸಣ್ಣ ಮಾಡಿ, "ಹುಡುಗಿಯ ತಂದೆಗೆ ಮನಸ್ಸಿಲ್ಲ ಕಾಣ್ತದೆ, ಏಳು ಮಗ" ಅಂದರು. ಹುಡುಗಿಯ ಕಣ್ಣಲ್ಲಿ ನೀರು. ನಾನೇ ಬಾಯಿ ಹಾಕಿದೆ: "ಮನಸ್ಸುಂಟು ಮಾರಾಯ್ತಿ, ಬಾಯಿಗೆ ಮಗಳೇ ಬೀಗ ಹಾಕಿಸಿದ್ದಾಳೆ. ಒಂದೆರಡು ಪ್ರಶ್ನೆ ಕೇಳಲಿಕ್ಕೆ ಬಿಡಿ."

ವಕೀಲರು ಎದೆ ಉಬ್ಬಿಸಿ ಎದ್ದು ನಿಂತರು. "ನನ್ನ ಮಗಳನ್ನು ಮೊದಲು ನೋಡಿದ್ದು ಯಾವಾಗ?"

ಹುಡುಗ ಬೆವರಿ, "ಎರಡು ವರ್ಷ ಆಯ್ತು ಅಂಕಲ್" ಅಂದುಬಿಟ್ಟ!

"ಸಾಕ್ಷಿ ಯಾರು?"

ಹುಡುಗ ನನ್ನತ್ತ ಬೆರಳು ತೋರಿಸಿದ. "ಈ ಅಜ್ಜಿ. ಕಡಲ ಬದಿಯ ಕಾರ್ನಿಶಿನಲ್ಲಿ ನಮ್ಮಿಬ್ಬರನ್ನು ಕಂಡಿದ್ದರು. ಯಾರಿಗೂ ಹೇಳಬೇಡಿ ಅಂತ ಐಸ್‌ಕ್ರೀಮ್ ಕೊಡಿಸಿದ್ದೆ."

ಹುಡುಗನ ತಾಯಿ ನಗು ತಡೆಯಲಾರದೆ ಪುನಃ ಕೂತರು. ವಕೀಲರು "ಸಂಬಂಧ ಮಂಜೂರು" ಅಂದರು. ಅವರ ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನನ್ನೆದುರೇ ಬಂದು ನಿಂತರು.

"ಇಡೀ ಬಿಲ್ಡಿಂಗಿನ ಸುದ್ದಿ ತಂದು ನನ್ನ ಕಿವಿಗೆ ಸುರೀತೀರಿ. ನನ್ನ ಮಗಳದ್ದೊಂದು ಹೇಳ್ಲಿಕ್ಕೆ ನಿಮಗೆ ಏನಾಗಿತ್ತು ದೊಡ್ಡಮ್ಮ?"